ಬಸವನಹುಳುವಿಗೆ ಹೊಟ್ಟೆ ಬರೆಯಲೊಪ್ಪದ ಪೆನ್ನಿನ ವಿಚಾರವಾಗಿ

ಸ್ಟೈಲಸ್ ಪೆನ್ನು ತಯಾರಿಸುವ ಕಂಪನಿಯ ಸಹಾಯ ಕೇಂದ್ರದ ಮಾನ್ಯರೇ, ಮಾನ್ಯರು ಯಾರೂ ಕಚೇರಿಯಲ್ಲಿ ಇಲ್ಲದ ಪಕ್ಷದಲ್ಲಿ ಅವರ ಪರವಾಗಿ ಉತ್ತರ ಬರೆಯುವ ಮಾನ್ಯ ಯಂತ್ರವೇ,

ನನಗೆ ಮದುವೆಯಾಯಿತು! ಇಂದಿಗೆ ಸರಿಯಾಗಿ ಮೂವತ್ತೊಂದು ದಿನ. ಹುಡುಗ ತುಂಬಾ ಒಳ್ಳೆಯವರು, ನಕ್ಕರೆ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತದೆ, ಬಲಗೆನ್ನೆಯಲ್ಲಿ ಏಕೆ ಬೀಳುವುದಿಲ್ಲ ಎಂಬುದನ್ನು ಇನ್ನೂ ವಿಚಾರಿಸುತ್ತಿದ್ದೇನೆ. ಸೇತುವೆ ಕಟ್ಟುವ ಕಡೆ ಮೇಲ್ವಿಚಾರಕರು. ಮದುವೆಯಾದ ಐದನೇ ದಿನಕ್ಕೇ ರಜೆ ಮುಗಿದು, ಇಲ್ಲಿಂದ ಒಂದು ಹಗಲಿನ ರೈಲುದಾರಿಯಷ್ಟು ದೂರದ ನದಿಯ ದಡದಲ್ಲಿ, ಒಂದು ತಗಡಿನ ಮನೆಯಲ್ಲಿ, ತಾವೇ ಸಾರು ಕಾಯಿಸಿಕೊಂಡು, ಉಪ್ಪು ಹಾಕಿದೆನೋ ಇಲ್ಲವೋ ಎಂದು ನನಗೆ ಫೋನು ಮಾಡಿ ಕೇಳುತ್ತಿದ್ದಾರೆ.

ಪೆನ್ನಿನ ದೂರಿಗೂ ಗುಳಿಬೀಳುವ ಕೆನ್ನೆಗೂ ಏನು ಸಂಬಂಧ ಎಂದು ತಾವು ಕೇಳಬಹುದು. ಆದರೆ ಸಂಬಂಧ ಹಚ್ಚಿದವರು ತಾವೇ. ತಮ್ಮ ದೂರಿನ ಅರ್ಜಿಯಲ್ಲಿ ನಾಲ್ಕನೇ ಪ್ರಶ್ನೆ ಹೀಗಿತ್ತು: ‘ತೊಂದರೆ ಶುರುವಾಗುವ ಮುನ್ನ ತಮ್ಮ ವ್ಯವಸ್ಥೆಗೆ ಹೊಸದಾಗಿ ಏನನ್ನಾದರೂ ಸೇರಿಸಿದ್ದಿರಾ?’ ನಾನು ಸುಳ್ಳು ಹೇಳಬಾರದೆಂದು ಶಾಲೆಯಲ್ಲಿ ಕಲಿತವಳು. ಹೊಸ ಸಾಫ್ಟ್‌ವೇರ್ ಇಲ್ಲ, ಹೊಸ ಪ್ರಿಂಟರ್ ಇಲ್ಲ. ‘ಇತರೆ’ ಎಂಬ ಜಾಗದಲ್ಲಿ ‘ಗಂಡ’ ಎಂದು ಬರೆದೆ. ಅರ್ಧ ನಿಮಿಷವೂ ಕಳೆದಿರಲಿಲ್ಲ, ತಮ್ಮ ಯಂತ್ರದ ಉತ್ತರ ಬಂತು: ‘ತಮ್ಮ ಬೇಸರ ನಮಗೆ ಅರ್ಥವಾಗುತ್ತದೆ. ಹೊಸದಾಗಿ ಸೇರಿಸಿದ್ದನ್ನು ತೆಗೆದುಹಾಕಿ, ಮತ್ತೊಮ್ಮೆ ಪ್ರಯತ್ನಿಸಿ.’

ಇದನ್ನು ನಾನು ಇವರಿಗೆ ಫೋನಿನಲ್ಲಿ ಓದಿ ಹೇಳಿದಾಗ, ಹಿಂದುಗಡೆ ಜಲ್ಲಿ ಸುರಿಯುವ ಸದ್ದಿನ ನಡುವೆ ಇವರು, “ನನ್ನನ್ನ ತೆಗೆದುಹಾಕಿ ಆಗ್ಲೇ ಹತ್ತು ದಿನ ಆಯ್ತಲ್ಲೇ, ಪೆನ್ನು ಸರಿಹೋಯ್ತಾ?” ಎಂದರು. ಹೋಗಿರಲಿಲ್ಲ. ಹೀಗಾಗಿ ತಮ್ಮ ಮೊದಲ ಸಲಹೆಯನ್ನು ನಾನು ಕೇಳುವ ಮುನ್ನವೇ ಪಾಲಿಸಿದ್ದೇನೆ, ಫಲ ಸಿಕ್ಕಿಲ್ಲ ಎಂಬುದನ್ನು ವಿನಯದಿಂದ ದಾಖಲಿಸುತ್ತೇನೆ.

ಈ ಪತ್ರವನ್ನು ಪತ್ರಿಕೆಯ ಮೂಲಕ ಕಳುಹಿಸುತ್ತಿರುವುದಕ್ಕೂ ಕ್ಷಮೆ ಇರಲಿ. ತಮ್ಮಿಂದ ಬಂದ ಪ್ರತಿಯೊಂದು ಸಂದೇಶದ ಕೊನೆಯಲ್ಲಿ ‘ನಾವು ಸದಾ ತಮ್ಮೊಂದಿಗಿದ್ದೇವೆ’ ಎಂದೂ, ಅದರ ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ ‘ಈ ವಿಳಾಸಕ್ಕೆ ಉತ್ತರ ಬರೆಯಬೇಡಿ’ ಎಂದೂ ಇರುತ್ತದೆ. ಸದಾ ಜೊತೆಗಿದ್ದೂ ಮಾತಾಡದೆ ಇರುವುದು ಬಹಳ ವರ್ಷ ಸಂಸಾರ ಮಾಡಿದವರಿಗೆ ಮಾತ್ರ ಸಾಧ್ಯ ಎಂದು ಕೇಳಿದ್ದೇನೆ. ನಮ್ಮ ನಿಮ್ಮ ಪರಿಚಯ ಅಷ್ಟು ಹಳೆಯದಲ್ಲ.

ನನ್ನ ಕಷ್ಟವೇನೆಂದು ಹೇಳಿಬಿಡುತ್ತೇನೆ. ನಾನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವಳು. ಇಷ್ಟು ದಿನ ಬೇರೆಯವರ ಪುಸ್ತಕದ ಮೂಲೆಯಲ್ಲಿ ಒಂದು ಮೋಡ, ಒಂದು ಕೊಡೆ ಬರೆಯುತ್ತಿದ್ದವಳಿಗೆ ಮೊದಲ ಸಲ ಇಡೀ ಪುಸ್ತಕವೊಂದು ಸಿಕ್ಕಿತು: ಅಂಚೆ ಹಂಚುವ ಬಸವನಹುಳುವಿನ ಕಥೆ, ಮೂವತ್ತೆರಡು ಪುಟ, ಮುಖಪುಟದ ಮೇಲೆ ನನ್ನ ಹೆಸರು. ಇಪ್ಪತ್ತು ಪುಟ ಮದುವೆಗೆ ಮುಂಚೆಯೇ ಮುಗಿದಿತ್ತು. ಉಳಿದ ಹನ್ನೆರಡನ್ನು ಈ ತಿಂಗಳ ಹದಿನೆಂಟರೊಳಗೆ ಕೊಡದಿದ್ದರೆ ಕೆಲಸ ಬೇರೆಯವರಿಗೆ ಹೋಗುತ್ತದೆ ಎಂದು ಸಂಪಾದಕಿ ಮೇಡಂ ತುಂಬಾ ಮೃದುವಾಗಿ ಹೇಳಿದ್ದರು. ಆ ಬೇರೆಯವರ ಹತ್ತಿರ ಈಗಾಗಲೇ ಒಂದು ಬಸವನಹುಳು ತಯಾರಿದೆಯಂತೆ. ಇವರ ತಗಡಿನ ಮನೆಯಲ್ಲಿ ಕರೆಂಟು ಬಂದುಹೋಗುವ ನೆಂಟನಾದ್ದರಿಂದ ಅಲ್ಲಿ ಕೂತು ಕಂಪ್ಯೂಟರಿನಲ್ಲಿ ಕೆಲಸ ಮಾಡುವಂತಿಲ್ಲ. ಪುಸ್ತಕ ಮುಗಿಯುವವರೆಗೆ ನಾನು ಅತ್ತೆಮಾವನ ಮನೆಯಲ್ಲಿರುವುದು, ಮುಗಿದ ಮೇಲೆ ಹೊರಡುವುದು ಎಂದು ನಾವಿಬ್ಬರೂ ಒಪ್ಪಿಕೊಂಡೆವು. ಅಂದರೆ ನನಗೂ ನನ್ನ ಗಂಡನಿಗೂ ನಡುವೆ ಇದ್ದದ್ದು ಹನ್ನೆರಡು ಪುಟ. ಆ ಹನ್ನೆರಡು ಪುಟಕ್ಕೂ ನನಗೂ ನಡುವೆ ಇದ್ದದ್ದು ತಮ್ಮ ಪೆನ್ನು.

ನಮ್ಮ ಅತ್ತೆ ದರ್ಜಿ. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ; ಶಾಲಾಮಕ್ಕಳ ಸಮವಸ್ತ್ರ ಹೊಲಿಯುವುದರಲ್ಲಿ ಅವರದು ಎತ್ತಿದ ಕೈ. ಬಟ್ಟೆ ಕತ್ತರಿಸುವ ಅವರ ಮರದ ಮೇಜು ಮಂಚದಷ್ಟು ಅಗಲ. ನಾನು ಬಂದ ವಾರದಲ್ಲೇ ಅದರ ಅರ್ಧಭಾಗವನ್ನು, ಅದೂ ಕಿಟಕಿಯ ಬೆಳಕು ಬೀಳುವ ಅರ್ಧವನ್ನು, ಖಾಲಿ ಮಾಡಿ ಒರೆಸಿ, “ಇಲ್ಲಿ ಕೂತ್ಕೋಮ್ಮಾ ಮಗೂ, ನಿನ್ನ ಸ್ಲೇಟು ಇಲ್ಲಿಟ್ಕೋ, ಯಾರೂ ಮುಟ್ಟಲ್ಲ” ಎಂದರು. ಮೂವತ್ತು ವರ್ಷದಿಂದ ಗಂಡನಿಗೂ ಒಂದು ಪೇಪರ್ ಹಾಸಲು ಬಿಡದ ಮೇಜಂತೆ ಅದು. ಮಾವ ಆ ದಿನವೆಲ್ಲ ಮೇಜಿನ ಸುತ್ತ ಓಡಾಡಿ, “ನಮಗೆ ಈ ಭಾಗ್ಯ ಇಲ್ಲ ಬಿಡಪ್ಪಾ” ಎಂದು ಗೋಡೆಗೆ ಹೇಳಿಕೊಂಡರು. ನಾನು ಆನಂದದಿಂದ ಕಂಪ್ಯೂಟರಿಗೆ ಜೋಡಿಸಿ ಚಿತ್ರ ಬರೆಯುವ ಹಲಗೆಯಾದ ಟ್ಯಾಬ್ಲೆಟ್ ಇಟ್ಟೆ, ಪೆನ್ನು ಹಿಡಿದೆ, ಬಸವನಹುಳುವಿನ ಹೊಟ್ಟೆಯ ಗೆರೆ ಎಳೆದೆ. ಗೆರೆ ಅರ್ಧದಾರಿ ನಡೆದು, ಏನೋ ನೆನಪಾದಂತೆ ನಿಂತು, ಸಟ್ಟನೆ ಪುಟದ ಮೇಲ್ಮೂಲೆಗೆ ಹಾರಿತು.

ಮೊದಲ ದಿನ ಎಡಗಡೆಯ ಕೆಳಮೂಲೆಯಲ್ಲಿ ಮಾತ್ರ ಹೀಗೆ. ನಾಲ್ಕನೇ ದಿನಕ್ಕೆ ಎಡ ಅರ್ಧ ಪೂರ್ತಿ ಮುನಿಸಿಕೊಂಡಿತು. ಏಳನೇ ದಿನ ಬಲ ಅರ್ಧವೂ ಅದರ ಜೊತೆ ಸೇರಿತು. ಕಳುಹಿಸಿದ ಒಂದು ಪುಟ ನೋಡಿ ಸಂಪಾದಕಿ ಮೇಡಂ ಫೋನು ಮಾಡಿ, “ಎಲ್ಲಾ ಚೆನ್ನಾಗಿದೆಮ್ಮಾ, ಆದ್ರೆ ಹುಳುಗೆ ಹೊಟ್ಟೆನೇ ಇಲ್ವಲ್ಲ? ಮಕ್ಕಳು ಕೇಳ್ತಾರೆ” ಎಂದರು. ಮೌಸ್ ಹಿಡಿದು ಬರೆದು ನೋಡಿದೆ. ಬಸವನಹುಳು ಇಟ್ಟಿಗೆಯಂತೆ ಬಂತು. ಕಾಗದದ ಮೇಲೆ ಬರೆದು ನೋಡಿದೆ; ಮೊದಲ ಇಪ್ಪತ್ತು ಪುಟದ ಹುಳುವಿಗೂ ಇದಕ್ಕೂ ದೂರದ ನೆಂಟಸ್ತಿಕೆ ಕೂಡ ಕಾಣಲಿಲ್ಲ.

ಇಂಥ ಹೊತ್ತಿನಲ್ಲಿ ನಾನು ತಮ್ಮನ್ನು ನಂಬಿ ಬಂದೆ. ತಾವು ಹದಿನೇಳು ಹಂತಗಳ ಪರಿಹಾರವನ್ನು ದಯಪಾಲಿಸಿದಿರಿ. ಅವುಗಳಲ್ಲಿ ಕೆಲವನ್ನಾದರೂ ಇಲ್ಲಿ ಹೊಗಳದೆ ಹೋದರೆ ಕೃತಘ್ನಳಾಗುತ್ತೇನೆ.

ಮೊದಲನೆಯದು ಕಂಪ್ಯೂಟರನ್ನು ಆರಿಸಿ ಹೊತ್ತಿಸುವುದು. ಎರಡನೆಯದು ಪೆನ್ನನ್ನು ಆರಿಸಿ ಹೊತ್ತಿಸುವುದು. ತಮ್ಮ ಪೆನ್ನಿಗೆ ಬ್ಯಾಟರಿಯೂ ಇಲ್ಲ, ಸ್ವಿಚ್ಚೂ ಇಲ್ಲ. ಅದರಲ್ಲೇ ತಮಗೆ ಹೆಮ್ಮೆ ಎಂದು ಡಬ್ಬಿಯ ಮೇಲೆ ಅಚ್ಚಾಗಿದೆ. ಸ್ವಿಚ್ಚಿಲ್ಲದ ಪೆನ್ನನ್ನು ಆರಿಸುವುದು ಹೇಗೆಂದು ನಾನು ಕೇಳಿದ್ದಕ್ಕೆ ‘ಎರಡನೇ ಹಂತವನ್ನು ಪೂರ್ಣಗೊಳಿಸದೆ ಮೂರನೆಯದಕ್ಕೆ ಹೋಗುವಂತಿಲ್ಲ’ ಎಂದಿರಿ. ಆದ್ದರಿಂದ ಪೆನ್ನನ್ನು ಮೇಜಿನ ಮೇಲೆ ಮಲಗಿಸಿ, ಅದಕ್ಕೊಂದು ಬಟ್ಟೆ ತುಂಡು ಹೊದಿಸಿ, ಹತ್ತು ನಿಮಿಷ ಬಿಟ್ಟು ಎಬ್ಬಿಸಿದೆ. ‘ಪೂರ್ಣಗೊಂಡಿದೆ’ ಎಂಬ ಗುಂಡಿ ಒತ್ತಿದೆ. ತಾವು ನನ್ನನ್ನು ಅಭಿನಂದಿಸಿದಿರಿ.

ಐದನೇ ಹಂತದಲ್ಲಿ ಒಂದು ಬಿಳಿ ಚೌಕ ಕೊಟ್ಟು, ಕೆಲಸ ಮಾಡದ ಪೆನ್ನಿನಿಂದ ಅದರೊಳಗೆ ಒಂದು ಗೆರೆ ಎಳೆದು ತೋರಿಸಿ ಎಂದಿರಿ. ಎಳೆದೆ, ಚೌಕ ಹಾಲಿನಂತೆ ಬೆಳ್ಳಗೆ ಉಳಿಯಿತು. ‘ತಮ್ಮ ಗೆರೆ ಸ್ಪಷ್ಟವಾಗಿ ದಾಖಲಾಗಿದೆ’ ಎಂಬ ಉತ್ತರ ಬಂತು. ಇಲ್ಲದ ಗೆರೆಯನ್ನೂ ಸ್ಪಷ್ಟವಾಗಿ ಕಾಣುವ ಕಣ್ಣು ಎಷ್ಟು ಜನಕ್ಕಿದೆ ಸ್ವಾಮಿ? ಆಮೇಲೆ ದೂರನ್ನು ಮೇಲಿನವರಿಗೆ ಕಳುಹಿಸಬೇಕಾದರೆ ಕೆಳಗೆ ಸಹಿ ಮಾಡಬೇಕು, ಸಹಿಯನ್ನು ಕಡ್ಡಾಯವಾಗಿ ಅದೇ ಪೆನ್ನಿನಿಂದಲೇ ಮಾಡಬೇಕು ಎಂದಿರಿ. ಕಳೆದುಹೋದ ಬೀಗದಕೈಯಿಂದಲೇ ಬಾಗಿಲು ತೆಗೆದು ಒಳಗೆ ಬಂದು, ಬೀಗದಕೈ ಕಳೆದುಹೋಗಿದೆಯೆಂದು ತಿಳಿಸುವಂತೆ ಹೇಳುವ ಕಚೇರಿಯನ್ನು ನಾನು ಈ ಜನ್ಮದಲ್ಲಿ ಕಾಣುತ್ತೇನೆಂದು ಭಾವಿಸಿರಲಿಲ್ಲ.

ಒಂಬತ್ತನೇ ಹಂತ ಒತ್ತಡಕ್ಕೆ ಸಂಬಂಧಿಸಿದ್ದು. ತಮ್ಮ ಪೆನ್ನು ಕೈಯ ಒತ್ತಡವನ್ನು ಎಂಟು ಸಾವಿರ ಮಟ್ಟಗಳಲ್ಲಿ ಅಳೆದು, ಹಗುರವಾಗಿ ಮುಟ್ಟಿದರೆ ಕೂದಲೆಳೆಯ ಗೆರೆ, ಒತ್ತಿದರೆ ದಪ್ಪ ಗೆರೆ ಕೊಡುತ್ತದೆಯಂತೆ. ಸಂಪಾದಕಿಯ ಫೋನು, ಹದಿನೆಂಟನೇ ತಾರೀಖು, ದೂರದಲ್ಲಿ ಉಪ್ಪಿಲ್ಲದ ಸಾರು ಕುಡಿಯುತ್ತಿರುವ ಗಂಡ, ಇಷ್ಟೂ ಸೇರಿ ನನ್ನ ಮೇಲಿದ್ದ ಒತ್ತಡದಲ್ಲಿ ಒಂದು ಮಟ್ಟವನ್ನೂ ಅದು ಗುರುತಿಸಲಿಲ್ಲ ಎಂಬುದನ್ನು ತಮ್ಮ ಎಂಜಿನಿಯರುಗಳ ಗಮನಕ್ಕೆ ತರುತ್ತೇನೆ.

ಹನ್ನೊಂದನೆಯದು ನೇರವಾದ, ಸರಳವಾದ ಪ್ರಶ್ನೆ: ‘ಟ್ಯಾಬ್ಲೆಟ್ ಲೋಹದ ಮೇಜಿನ ಮೇಲಿದೆಯೇ?’ ಇಲ್ಲ, ಮರದ ಮೇಜು, ಎಂದೆ. ‘ಉತ್ತಮ’ ಎಂದಿರಿ. ಈ ಉತ್ತಮದ ಬಗ್ಗೆ ಮುಂದೆ ಹೇಳುತ್ತೇನೆ.

ಹನ್ನೆರಡರಿಂದ ಹದಿನಾರರವರೆಗೆ ತೆಗೆಯುವುದು, ಹಾಕುವುದು, ಮತ್ತೆ ತೆಗೆಯುವುದು. ಇಷ್ಟನ್ನು ಮಾಡಲು ಎರಡು ದಿನ ಹಿಡಿಯಿತು. ಹದಿನೇಳನೆಯದು ತಮ್ಮ ಸೇವೆಯನ್ನು ಮೆಚ್ಚಿ ಐದು ನಕ್ಷತ್ರ ಕೊಡುವುದು. ಈ ನಡುವೆ ಮೂರು ಬಾರಿ ತಾವು ನನ್ನ ತೊಂದರೆ ಬಗೆಹರಿದಿದೆಯೆಂದು ನನಗೇ ತಿಳಿಸಿ, ಸಂತೋಷ ಹಂಚಿಕೊಂಡು, ದೂರನ್ನು ಮುಚ್ಚಿದಿರಿ. ಮೂರು ಬಾರಿಯೂ ನಾನು ಆ ಸಂತೋಷಕ್ಕೆ ತಣ್ಣೀರೆರಚಿ ಮತ್ತೆ ತೆರೆಸಬೇಕಾಯಿತು. ಆ ಪಾಪಪ್ರಜ್ಞೆ ಇನ್ನೂ ನನ್ನಲ್ಲಿದೆ.

ಹನ್ನೊಂದು ದಿನ ಕಳೆದವು. ಹದಿನೆಂಟಕ್ಕೆ ಐದೇ ದಿನ ಉಳಿದಿತ್ತು. ಮುಗಿದ ಪುಟಗಳು ಅದೇ ಇಪ್ಪತ್ತು. ಅಂದು ಬೆಳಿಗ್ಗೆ ಫೋನಿನಲ್ಲಿ ಇವರು ಏನೂ ತಮಾಷೆ ಮಾಡಲಿಲ್ಲ. “ಪುಸ್ತಕ ಬಿಟ್ಟು ಬಾ ಅಂತ ಮಾತ್ರ ನಾನು ಹೇಳಲ್ಲ ಕಣೇ. ಮುಗಿಸ್ಕೊಂಡೇ ಬಾ. ಎಷ್ಟು ದಿನ ಆದ್ರೂ ಪರ್ವಾಗಿಲ್ಲ” ಎಂದರು. ಈ ಮಾತು ಕೇಳಿದ ಮೇಲೆ ನಾನು ಅಡಿಗೆಮನೆಗೆ ಹೋಗಿ ಈರುಳ್ಳಿ ಹೆಚ್ಚಲು ಕೂತೆ. ಮನೆಯಲ್ಲಿ ಆ ಹೊತ್ತಿಗೆ ಯಾರಿಗೂ ಈರುಳ್ಳಿ ಬೇಕಾಗಿರಲಿಲ್ಲ.

ಅದೇ ಮಧ್ಯಾಹ್ನ ಮಾವ ಏನನ್ನೋ ಹುಡುಕುತ್ತಾ ಮನೆಯೆಲ್ಲ ತಿರುಗಾಡುತ್ತಿದ್ದರು. ನಮ್ಮ ಮಾವ ರೇಡಿಯೊ ರಿಪೇರಿ ಮಾಡುತ್ತಿದ್ದವರು, ಈಗ ಬಿಟ್ಟಿದ್ದಾರೆ, ಆದರೆ ಸಾಮಾನು ಬಿಟ್ಟಿಲ್ಲ. ಅವರು ಅತ್ತೆಯನ್ನು ಕೇಳಿದ್ದನ್ನೂ ಅತ್ತೆ ಉತ್ತರಿಸಿದ್ದನ್ನೂ ಅಕ್ಷರಶಃ ತಮ್ಮ ದಾಖಲೆಗಾಗಿ ಕೊಡುತ್ತಿದ್ದೇನೆ.

“ಇವಳೇ, ನನ್ನ ದೊಡ್ಡ ಸ್ಪೀಕರಿಂದು ಮ್ಯಾಗ್ನೆಟ್ಟು ಎರಡಿತ್ತು, ಎಲ್ಲಿ ಹೋಯ್ತು?”

“ನಾನು ತಗೊಂಡಿದೀನಿ ಬಿಡಿ. ಕೆಲಸಕ್ಕೆ ಬಂತು.”

“ನಿನಗ್ಯಾಕೆ ಮ್ಯಾಗ್ನೆಟ್ಟು? ಹಾಡು ಹೇಳಿಸ್ತೀಯಾ ಅದರಲ್ಲಿ?”

“ಅಲ್ರೀ, ಮಗು ಕೂರೋ ಕಡೆ ಗುಂಡುಸೂಜಿ ಬಿದ್ದಿರತ್ತೆ, ಬರಿಗಾಲಲ್ಲಿ ಕೂರತ್ತೆ ಅದು. ಮೇಜಿನ ಕೆಳಗೆ ಬಟ್ಟೆ ಸುತ್ತಿ ಕಟ್ಟಿದೀನಿ. ಒಂದೂ ಕೆಳಗೆ ಬೀಳಲ್ಲ, ಎಲ್ಲಾ ಅದೇ ಹಿಡ್ಕೊಳತ್ತೆ.”

ಮಾವ ಟಾರ್ಚು ತಂದು, ಮಂಡಿಯೂರಿ, ಮೇಜಿನ ಕೆಳಗೆ ತಲೆ ತೂರಿಸಿದರು. ಒಳಗಿನಿಂದ “ಅಯ್ಯೋ ನಿನ್ನ!” ಎಂಬ ಸದ್ದು ಬಂತು. ಹೊರಗೆ ಬಂದಾಗ ಅವರ ಕೈಯಲ್ಲಿ ಎರಡು ಮುಳ್ಳುಹಂದಿಗಳಿದ್ದವು. ಹತ್ತಿರ ಹೋಗಿ ನೋಡಿದರೆ, ಮೈತುಂಬ ಗುಂಡುಸೂಜಿ ಕಚ್ಚಿಸಿಕೊಂಡ ಸ್ಪೀಕರಿನ ಅಯಸ್ಕಾಂತಗಳು. ಒಂದು ನನ್ನ ಟ್ಯಾಬ್ಲೆಟ್ಟಿನ ಎಡ ಅರ್ಧದ ಕೆಳಗಿತ್ತು, ಇನ್ನೊಂದು ಬಲ ಅರ್ಧದ ಕೆಳಗೆ. ಇವೆರಡಕ್ಕೂ ಮುಂಚೆ ಅತ್ತೆ ತಮ್ಮ ಹೊಲಿಗೆಪೆಟ್ಟಿಗೆಯ ಚಿಕ್ಕದೊಂದನ್ನು ಎಡಮೂಲೆಗೆ ಅಂಟಿಸಿದ್ದರು.

ನಡೆದದ್ದಿಷ್ಟು. ಮೊದಲ ದಿನ ಅತ್ತೆ ನನ್ನ ಕಾಲಿಗೆ ಸೂಜಿ ಚುಚ್ಚಬಾರದೆಂದು ಚಿಕ್ಕ ಅಯಸ್ಕಾಂತ ಇಟ್ಟರು. ಪೆನ್ನು ಆ ಮೂಲೆಯಲ್ಲಿ ತಪ್ಪಿತು. ನನ್ನ ಮುಖ ಬಾಡಿದ್ದು ಕಂಡು ಅವರು ನಾನಿಲ್ಲದಾಗ ಟ್ಯಾಬ್ಲೆಟ್ ಎತ್ತಿ ನೋಡಿದರು. ಅಡಿಯಲ್ಲಿ ಒಂದು ಗುಂಡುಸೂಜಿ ಸಿಕ್ಕಿತು. ತಮ್ಮ ಸೂಜಿಗಳೇ ಸೊಸೆಯ ಸ್ಲೇಟಿನೊಳಗೆ ನುಗ್ಗಿ ಕೆಲಸ ಕೆಡಿಸುತ್ತಿವೆ ಎಂದು ಅವರಿಗೆ ಖಾತ್ರಿಯಾಯಿತು. ಯಾರಿಗೂ ಹೇಳದೆ ದೊಡ್ಡದನ್ನು ಕಟ್ಟಿದರು. ಪೆನ್ನು ಇನ್ನಷ್ಟು ಕೆಟ್ಟಿತು. ನಾನು ಕಣ್ಣೊರೆಸಿಕೊಳ್ಳುವುದನ್ನು ನೋಡಿ ಎರಡನೇ ದೊಡ್ಡದನ್ನೂ ಕಟ್ಟಿದರು. ನಾನು ಅತ್ತಷ್ಟೂ ಅವರು ಕಟ್ಟಿದರು, ಅವರು ಕಟ್ಟಿದಷ್ಟೂ ನಾನು ಅತ್ತೆ. ಎದ್ದು ಆಚೆ ಹೋಗಿ ನೆಲದ ಮೇಲೋ ಮಂಚದ ಮೇಲೋ ಕೂತು ಬರೆದಿದ್ದರೆ ಮೊದಲ ದಿನವೇ ಗುಟ್ಟು ರಟ್ಟಾಗುತ್ತಿತ್ತು. ಆದರೆ ಗಂಡನಿಗೂ ಬಿಡದ ಮೇಜನ್ನು ಒರೆಸಿಕೊಟ್ಟ ಅತ್ತೆಯ ಮುಂದೆ, ಬಂದ ಎರಡನೇ ವಾರಕ್ಕೇ ‘ಇಲ್ಲಿ ಸರಿಹೋಗುತ್ತಿಲ್ಲ’ ಎಂದು ಗಂಟುಮೂಟೆ ಎತ್ತಲು ಯಾವ ಸೊಸೆಗೆ ಮನಸ್ಸಾಗುತ್ತದೆ?

ಕುಣಿಯಲಾರದವಳು ನೆಲ ಡೊಂಕೆಂದಳಂತೆ. ನಾನು ಹನ್ನೊಂದು ದಿನ ನೆಲದ ಬಗ್ಗೆ ಚಕಾರ ಎತ್ತಲಿಲ್ಲ, ಡೊಂಕಾಗಿದ್ದುದು ನೆಲವೇ. ಮಾವ ಅಯಸ್ಕಾಂತಗಳನ್ನು ಪಕ್ಕದ ಕೋಣೆಗೆ ಸಾಗಿಸಿದ ಮೇಲೆ ಪೆನ್ನು ಹಿಡಿದು ಒಂದು ಗೆರೆ ಎಳೆದೆ. ಬೆಣ್ಣೆಯಲ್ಲಿ ಕೂದಲೆಳೆದಂತೆ ಬಂತು. ಅತ್ತೆ ಹಿಂದೆ ನಿಂತು, ಬಾಯಿಗೆ ಸೆರಗು ಒತ್ತಿಕೊಂಡು, “ಹೊಟ್ಟೆ ಬಂತಾ? ಹುಳುಗೆ ಹೊಟ್ಟೆ ಬಂತಾ?” ಎಂದು ಕೇಳಿದರು. ಬಂದಿತ್ತು.

ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎನ್ನುತ್ತಾರೆ. ನನಗೆ ಅತ್ತೆಯ ಮೇಲೆ ಕೋಪವೇ ಬರಲಿಲ್ಲವಾದ್ದರಿಂದ ಮನೆಯ ಕೊತ್ತಿಗೆ ಯಾವ ಅಪಾಯವೂ ಆಗಲಿಲ್ಲ. ಹಾಗೆ ಉಳಿದುಹೋದ ಕೋಪವನ್ನು ಎಲ್ಲಿಡುವುದೆಂದು ತೋಚದೆ ತಮ್ಮ ಸನ್ನಿಧಿಗೆ ತಂದಿದ್ದೇನೆ. ಹದಿನೇಳು ಹಂತಗಳನ್ನು ಬರೆದ ತಮ್ಮ ವಿದ್ವಾಂಸರಲ್ಲಿ ಒಬ್ಬರಿಗೂ ‘ಸ್ವಲ್ಪ ಆಚೆ ಕೂತು ನೋಡಮ್ಮಾ’ ಎಂಬ ನಾಲ್ಕು ಮಾತು ಹೊಳೆಯಲಿಲ್ಲವೇ? ಮರದ ಮೇಜು ಎಂದ ತಕ್ಷಣ ‘ಉತ್ತಮ’ ಎಂದ ತಮ್ಮ ಯಂತ್ರ, ‘ಯಾರ ಮೇಜು?’ ಎಂದು ಒಂದು ಮಾತು ಕೇಳಿದ್ದರೆ ದರ್ಜಿಯ ಮೇಜೆಂದು ಹೇಳುತ್ತಿದ್ದೆ. ದರ್ಜಿ ಅಂದರೆ ಸೂಜಿ, ಸೂಜಿ ಅಂದರೆ ಅಯಸ್ಕಾಂತ ಎಂಬುದು ಮೂರನೇ ತರಗತಿಯ ಮಗುವಿಗೂ ಗೊತ್ತು.

ಇದಕ್ಕೆ ಪರಿಹಾರವಾಗಿ ನನ್ನ ಒಂದೆರಡು ಕೋರಿಕೆಗಳನ್ನು ತಾವು ನಡೆಸಿಕೊಡಬೇಕು. ದಯಮಾಡಿ ತಮ್ಮ ಯಂತ್ರಕ್ಕೆ ಒಂದು ಮದುವೆ ಮಾಡಿಸಿ. ಒಳ್ಳೆಯ ಮನೆತನ ನೋಡಿ, ಅತ್ತೆಮಾವ ಇಬ್ಬರೂ ಇರುವ ಕಡೆ ಕೊಡಿ. ತಿಂಗಳೊಪ್ಪತ್ತಿನಲ್ಲಿ ಅದು ‘ತಮ್ಮ ಬೇಸರ ನಮಗೆ ಅರ್ಥವಾಗುತ್ತದೆ’ ಎನ್ನುವುದನ್ನು ಬಿಟ್ಟು ‘ಊಟ ಆಯ್ತಾ? ಯಾಕೆ ಮುಖ ಹೀಗಿದೆ? ಎಲ್ಲಿ ಕೂತಿದ್ದೀಯಾ?’ ಎಂದು ಕೇಳಲು ಕಲಿಯುತ್ತದೆ, ಅರ್ಧ ದೂರುಗಳು ಅಲ್ಲಿಗೇ ತೀರುತ್ತವೆ. ಅಲ್ಲಿಯವರೆಗೆ ನಮ್ಮ ಮಾವನನ್ನು ತಮ್ಮ ಹದಿನೆಂಟನೇ ಹಂತವಾಗಿ ನೇಮಿಸಿಕೊಳ್ಳಬಹುದು. ಅವರಿಗೆ ಬೇಕಾದದ್ದು ಒಂದು ಟಾರ್ಚು, ಬಗ್ಗಲು ಒಂದು ಮೇಜು, ಮತ್ತು ‘ನಾನು ಆಗ್ಲೇ ಹೇಳಿದ್ದೆ’ ಎನ್ನಲು ಅವಕಾಶ.

ಇಷ್ಟಕ್ಕೇ ಪತ್ರ ಮುಗಿಸಬಹುದಿತ್ತು. ಹನ್ನೆರಡು ಪುಟಗಳು ಐದು ದಿನದಲ್ಲಿ ಮುಗಿದವು. ನನ್ನ ಊಟವನ್ನು ಅತ್ತೆ ಮೇಜಿಗೇ ತಂದಿಟ್ಟರು, ತಮ್ಮ ಸಮವಸ್ತ್ರಗಳನ್ನೆಲ್ಲ ನೆಲದ ಮೇಲೆ ಹಾಸಿ ಕತ್ತರಿಸಿದರು, ಅಳತೆ ಕೊಡಲು ಬಂದವರನ್ನು “ಮೆಲ್ಲಗೆ ಮಾತಾಡಿ, ಒಳಗೆ ಹುಳು ನಡೀತಿದೆ” ಎಂದು ಗದರಿಸಿದರು. ಹದಿನೆಂಟರ ಬೆಳಿಗ್ಗೆ ಕೊನೆಯ ಪುಟ ಕಳುಹಿಸಿದೆ. ಅಂಚೆಯ ಬಸವನಹುಳು ಮಳೆ ನಿಂತ ಮೇಲೆ ಕೊನೆಯ ಕಾಗದ ತಲುಪಿಸುವ ಪುಟ ಅದು. ಸಂಪಾದಕಿ ಮೇಡಂ, “ಹೊಟ್ಟೆ ತುಂಬಾ ಚೆನ್ನಾಗಿ ಬಂದಿದೆ” ಎಂದು ಹೇಳಿ, ಮುಖಪುಟಕ್ಕೆ ನನ್ನ ಹೆಸರನ್ನು ಹೇಗೆ ಬರೆಯಬೇಕೆಂದು ಕೇಳಿದರು. ಹೇಳುವಾಗ ನನ್ನ ಹೆಸರೇ ನನಗೆ ಎರಡು ಸಲ ತಪ್ಪಿತು.

ಸಂತೋಷದ ಭರದಲ್ಲಿ ನಾನು ಒಂದು ಅವಿವೇಕ ಮಾಡಿದೆ. ಬೇರೆ ಯಾರಿಗಾದರೂ ಉಪಯೋಗವಾಗಲಿ ಎಂದು ನಡೆದದ್ದನ್ನೆಲ್ಲ ತಮಗೆ ಬರೆದು ತಿಳಿಸಿದೆ. ತಮ್ಮ ಉತ್ತರ ಬಂತು: ‘ದೂರು ಮುಕ್ತಾಯ. ಕಾರಣ: ಬಳಕೆದಾರರ ತಪ್ಪು. ಅಯಸ್ಕಾಂತದ ಕುರಿತು ಕೈಪಿಡಿಯ ಅರವತ್ತೊಂದನೇ ಪುಟ ನೋಡಿ.’ ನೋಡಿದೆ. ಪೆನ್ನನ್ನು ಬೆಂಕಿಗೆ ಹಾಕಬಾರದು ಎಂಬುದಕ್ಕೂ ಕೂಸುಗಳು ನುಂಗಬಾರದು ಎಂಬುದಕ್ಕೂ ನಡುವೆ ಆ ಸಾಲು ಇರುವುದು ನಿಜ. ನಾನು ಒಪ್ಪಿಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಮಾವ ಅದನ್ನು ಗಟ್ಟಿಯಾಗಿ ಓದಿಬಿಟ್ಟರು.

“ಬಳಕೆದಾರರು ಅಂದ್ರೆ ಯಾರು?” ಎಂದರು ಅತ್ತೆ, ಹೊಲಿಗೆಯಂತ್ರ ನಿಲ್ಲಿಸಿ.

“ಸೊಸೆ.”

“ಅವಳೇನು ಮಾಡಿದ್ಳು? ಕಟ್ಟಿದ್ದು ನಾನು. ನಾನು ಮಾಡಿದ್ದಕ್ಕೆ ಅವಳ ಹೆಸರು ಯಾಕೆ ಬರೀತಾರೆ? ನಾಳೆ ಯಾರಾದ್ರೂ ತೆಗೆದು ನೋಡಿದ್ರೆ, ಈ ಹುಡುಗಿಗೆ ಪೆನ್ನು ಹಿಡಿಯೋಕೂ ಬರಲ್ಲ ಅಂದ್ಕೊಳಲ್ವಾ?”

“ಮ್ಯಾಗ್ನೆಟ್ಟು ನಂದು,” ಎಂದರು ಮಾವ, ತಮ್ಮ ಪಾಲೂ ಇರಲಿ ಎಂಬಂತೆ.

“ನಿಮ್ಮದು ಇಟ್ಕೊಳಿ. ತಪ್ಪು ನನ್ನ ಹೆಸರಿಗೆ ಬರೀಬೇಕು.”

ಇವರಿಗೆ ಫೋನು ಮಾಡಿದರೆ, “ನಾನು ಮದುವೆ ಆಗ್ದಿದ್ರೆ ನೀನು ಆ ಮೇಜಿಗೇ ಬರ್ತಿರಲಿಲ್ವಲ್ಲೇ, ಮೂಲ ತಪ್ಪು ನಂದು” ಎಂದು ಇವರೂ ಸಾಲಿನಲ್ಲಿ ನಿಂತರು. ಮಾನ್ಯರೇ, ತಮ್ಮ ದಾಖಲೆಯಲ್ಲಿರುವ ಒಂದೇ ಒಂದು ತಪ್ಪಿಗೆ ಈಗ ನಮ್ಮ ಮನೆಯಿಂದ ಮೂವರು ಹಕ್ಕುದಾರರಿದ್ದಾರೆ. ನಾನು ಹಿಂದೆ ಸರಿದಿದ್ದೇನೆ. ಅತ್ತೆಯದೇ ಹಿರಿಯ ಹಕ್ಕು ಎಂಬುದು ನನ್ನ ಅಭಿಪ್ರಾಯ. ತಾವು ಆ ಸಾಲನ್ನು ತಿದ್ದಿ, ಕಾರಣ ಎಂಬಲ್ಲಿ ‘ಸೊಸೆಯ ಕಾಲಿಗೆ ಸೂಜಿ ಚುಚ್ಚದಿರಲೆಂದು ಅತ್ತೆ ತೆಗೆದುಕೊಂಡ ಮುನ್ನೆಚ್ಚರಿಕೆ’ ಎಂದು ನಮೂದಿಸಬೇಕು. ತಮ್ಮ ಪಟ್ಟಿಯಲ್ಲಿ ಅಂಥ ಕಾರಣ ಇಲ್ಲವೆಂದು ತಾವು ಈಗಾಗಲೇ ಎರಡು ಸಲ ತಿಳಿಸಿದ್ದೀರಿ. ಇಲ್ಲದಿದ್ದರೆ ಸೇರಿಸಿ, ಲೋಕದಲ್ಲಿ ನಮ್ಮದೊಂದೇ ಮನೆ ಇರಲಾರದು.

ಹದಿನೇಳು ಹಂತ ಹತ್ತಿಳಿದ ಮೇಲೂ ಪೆನ್ನು ಕೆಳಗಿಡದ,
ತಮ್ಮ ವಿಶ್ವಾಸಿ,
ದರ್ಜಿಯಮ್ಮನ ಸೊಸೆ

ಬರೆದು ಮುಗಿಸಿದ ಮೇಲೆ ಅತ್ತೆ ಸೇರಿಸಲು ಹೇಳಿದ್ದು: ಕಾಗದ ಬರೆದರೆ ಯಂತ್ರ ಓದುತ್ತದೆ, ಆದ್ದರಿಂದ ಖುದ್ದಾಗಿ ಹೋಗುವುದೇ ಸರಿ ಎಂದು ತೀರ್ಮಾನವಾಗಿದೆ. ಅತ್ತೆ ನನ್ನನ್ನು ಸೇತುವೆಯ ಊರಿಗೆ ಬಿಟ್ಟುಬರಲು ಹೊರಟಿದ್ದಾರೆ. ದಾರಿಯಲ್ಲಿ ನಾವು ರೈಲು ಬದಲಿಸಬೇಕಾದದ್ದು ತಮ್ಮ ಕಚೇರಿ ಇರುವ ಊರಿನಲ್ಲೇ, ನಡುವೆ ಮೂರು ಗಂಟೆ ಬಿಡುವಿದೆ. ಅತ್ತೆಗೆ ತಪ್ಪು ಬರೆದವರ ಮುಖ ಒಮ್ಮೆ ನೋಡಬೇಕಂತೆ. ಬರೆದವರಿಗೆ ಮುಖ ಇಲ್ಲದಿದ್ದರೆ, ಮುಖ ಇರುವ ಯಾರದಾದರೂ ಆಗಬಹುದಂತೆ. ತಾವು ಸ್ಟೇಷನ್ನಿಗೆ ಬರುವ ತೊಂದರೆ ತೆಗೆದುಕೊಳ್ಳಬೇಡಿ, ಕಚೇರಿಯಲ್ಲಿ ಒಬ್ಬ ಮನುಷ್ಯರನ್ನು ಇರಿಸಿದರೆ ಸಾಕು. ಹೊಸಬರನ್ನು ಹುಡುಕಿ ಇರಿಸಲು ಕಾಲಾವಕಾಶ ಬೇಕಾಗಬಹುದೆಂದು ಮುಂಚಿತವಾಗಿ ತಿಳಿಸುತ್ತಿದ್ದೇವೆ: ಬರುವ ಬುಧವಾರ, ಬೆಳಿಗ್ಗೆ ಹತ್ತೂ ಇಪ್ಪತ್ತರ ಪ್ಯಾಸೆಂಜರ್.